ಯಾಂತ್ರಿಕ ಎಂಬ ಬೈಗುಳ

ನಮ್ಮ ವಿಮರ್ಶೆಯಲ್ಲಿ ಕತೆಯೊಂದು ಸಪ್ಪೆಯಾಗಿದ್ದರೆ ‘ಯಾಂತ್ರಿಕವಾಗಿದೆ’ ಎಂದು ಷರಾ ಬರೆಯುತ್ತೇವೆ. ನನ್ನ ಪಿಎಚ್.ಡಿ. ಅಧ್ಯಾಯದಲ್ಲೂ ಆ ಪದವಿತ್ತು. ಯಂತ್ರದ ಕೆಲಸಕ್ಕೆ ಬುದ್ಧಿ ಬೇಡ ಎಂಬುದು ಅದರ ಹಿಂದಿನ ನಂಬಿಕೆ. ಅದು ಸುಳ್ಳು. ಅಣ್ಣನ ಗ್ಯಾರೇಜಿನಲ್ಲಿ ಟರ್ಬೊ ಕಾರೊಂದರ ಟ್ಯೂನಿಂಗ್ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಪುಸ್ತಕದ ಲೆಕ್ಕ ಸರಳ: 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಪೂರ್ತಿ ಆಕ್ಸಿಲರೇಟರ್ ತುಳಿದಾಗಲೂ ಅದೇ ಲೆಕ್ಕಕ್ಕೆ ಅಂಟಿಕೊಂಡರೆ ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ‘ನಾಕ್’ ಆಗಬಹುದು, ಪಿಸ್ಟನ್ ಕರಗಲೂಬಹುದು. ಅದಕ್ಕೇ ಪೆಟ್ರೋಲ್ ಹೆಚ್ಚಿಸಿ ಗಾಳಿಯ ಪಾಲನ್ನು 12ರ ಆಸುಪಾಸಿಗೆ ಇಳಿಸುತ್ತಾರೆ. ಅತಿಯಾದರೆ ಕಪ್ಪು ಹೊಗೆ, ಶಕ್ತಿ ನಷ್ಟ. 20% ಎಥನಾಲ್ ಬೆರೆತ ಪೆಟ್ರೋಲಿಗಂತೂ 14.7 ಎಂಬುದೇ ತಪ್ಪು, ಸುಮಾರು 13.5 ಸಾಕು.

ಅಣ್ಣ ಲ್ಯಾಪ್‌ಟಾಪಿನ ಅಂಕಿ ನೋಡುತ್ತಲೇ ಎಂಜಿನ್ನಿಗೆ ಕಿವಿಗೊಟ್ಟಿರುತ್ತಾನೆ. ಒಂದು ಕಾರಿನ ಮ್ಯಾಪನ್ನು ಇನ್ನೊಂದಕ್ಕೆ ಹಾಗೇ ಹಾಕುವುದಿಲ್ಲ. ನಾವೋ, ಒಂದೇ ಸಿದ್ಧಾಂತವನ್ನು ಸಿಕ್ಕ ಕೃತಿಗಳಿಗೆಲ್ಲ ತೊಡಿಸುತ್ತೇವೆ. ತಪ್ಪಿದರೂ ನಮ್ಮಲ್ಲಿ ಯಾವ ಪಿಸ್ಟನ್ನೂ ಕರಗುವುದಿಲ್ಲ. ಹಾಗಾದರೆ ಯಾಂತ್ರಿಕರು ಯಾರು? ಆ ಪದವನ್ನು ಅಧ್ಯಾಯದಿಂದ ತೆಗೆದುಹಾಕಿದ್ದೇನೆ.