ಮಂಡಿಗೂ ಮೂಗಿಗೂ ನಂಟು

ಸೋಮವಾರ ಅಜ್ಜಿಗೆ ಮಂಡಿಕೀಲು ಬದಲಿಸುವ ಶಸ್ತ್ರಚಿಕಿತ್ಸೆ. ಶುಕ್ರವಾರ ಬೆಳಿಗ್ಗೆ ಸಾಲಾಗಿ ನಾಲ್ಕು ಸೀನು! "ಡಾಕ್ಟರಿಗೆ ಹೇಳಬೇಡ ಪುಟ್ಟಿ, ಮುಂದೂಡಿಬಿಡ್ತಾರೆ" ಎಂದು ಅಜ್ಜಿಯ ಗೋಗರೆತ. ಮೊಮ್ಮಗಳಿಗೋ ಸಂದೇಹ: ಮಂಡಿಗೂ ಮೂಗಿಗೂ ಏನು ನಂಟು?

ನೆಗಡಿ, ಕೆಮ್ಮು ಇದ್ದಾಗ ಶ್ವಾಸನಾಳ ಕೆರಳಿರುತ್ತದೆ. ಅರಿವಳಿಕೆ ಕೊಡುವಾಗ ಅದು ತೊಂದರೆ ಮಾಡಬಹುದು. ಅದಕ್ಕಿಂತ ದೊಡ್ಡ ಭಯ ಬ್ಯಾಕ್ಟೀರಿಯಾಗಳದು. ಹುಳುಕು ಹಲ್ಲು, ಉರಿಮೂತ್ರ, ಕಾಲಿನ ಸಣ್ಣ ಹುಣ್ಣು, ಎಲ್ಲಿಂದಲಾದರೂ ಅವು ರಕ್ತದಲ್ಲಿ ಸಾಗಿ ಹೊಸ ಕೀಲನ್ನು ತಲುಪಬಹುದು. ಲೋಹಕ್ಕೆ ರಕ್ತನಾಳಗಳಿಲ್ಲ. ಅದರ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕುಳಿತ ಬ್ಯಾಕ್ಟೀರಿಯಾ ಬಿಳಿರಕ್ತಕಣಗಳಿಗಾಗಲಿ ಔಷಧಕ್ಕಾಗಲಿ ಸುಲಭವಾಗಿ ಬಗ್ಗದು. ಕೆಲವೊಮ್ಮೆ ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ. 1962ರಲ್ಲಿ ಸೊಂಟದ ಕೃತಕ ಕೀಲಿಗೆ ಪಾಲಿಥೀನ್ ಬಟ್ಟಲು ಅಳವಡಿಸಿದ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ, ಸೋಂಕಿಗೆ ಹೆದರಿಯೇ ಶುದ್ಧಗಾಳಿಯ ಶಸ್ತ್ರಚಿಕಿತ್ಸಾ ಕೋಣೆಯನ್ನೂ ರೂಪಿಸಿದರು.

ಅಲರ್ಜಿಯ ಮಾತೇ ಬೇರೆ. ರೋಲ್ಡ್‌ಗೋಲ್ಡ್ ಓಲೆ ಹಾಕಿದರೆ ಕೆಲವರ ಕಿವಿ ಕೆರೆಯುತ್ತದಲ್ಲ, ಅದಕ್ಕೆ ಹೆಚ್ಚಾಗಿ ನಿಕ್ಕಲ್ ಕಾರಣ. ಕೀಲಿನ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದಲ್ಲೂ ಅದು ಅತ್ಯಲ್ಪ ಇರಬಹುದು. ಕಿವಿ ಕೆರೆದ ಮಾತ್ರಕ್ಕೆ ಕೀಲು ಕೆಡುತ್ತದೆಂದಲ್ಲ, ಆದರೂ ಹೇಳಿಬಿಡಬೇಕು. ಪೆನಿಸಿಲಿನ್ ಒಗ್ಗದಿದ್ದರಂತೂ ಹೇಳಲೇಬೇಕು. ಕೊಯ್ಯುವ ಮೊದಲು ಸೋಂಕುನಿರೋಧಕ ಚುಚ್ಚುಮದ್ದು ಕೊಡುವುದುಂಟು. ಯಾವುದನ್ನು ಕೊಡಬೇಕೆಂಬುದು ಇದರಿಂದ ಬದಲಾಗಬಹುದು.

ಮೊಮ್ಮಗಳು ಫೋನ್ ಮಾಡಿಯೇಬಿಟ್ಟಳು. ಜ್ವರವಿದೆಯೇ, ಕಫವಿದೆಯೇ, ಕಣ್ಣು ತುರಿಸುತ್ತದೆಯೇ ಎಂದು ವೈದ್ಯರು ವಿಚಾರಿಸಿದರು. ಜ್ವರವಿಲ್ಲ, ಕಫವಿಲ್ಲ, ಕಣ್ಣು ಮಾತ್ರ ತುರಿಕೆ. ಶನಿವಾರ ಕರೆತನ್ನಿ, ಪರೀಕ್ಷಿಸಿ ಹೇಳುತ್ತೇನೆ ಎಂದರು. ಆಸ್ಪತ್ರೆಗೆಂದು ಅಟ್ಟದ ಮೇಲಿನ ಹಳೇ ಸೂಟ್‌ಕೇಸ್ ಇಳಿಸಿ ದೂಳು ಕೊಡವಿದ್ದನ್ನು ಅಜ್ಜಿ ಒಪ್ಪಿಕೊಂಡದ್ದು ಆಮೇಲೆ.