ಕಡಲು ಬ್ಯಾಡ, ಹೊಳಿ ದಂಡಿ ಸಾಕು

ಬೀಚ್ ಮದುವೆ ರೀಲ್ಸ್ ನೀವೂ ಸೇವ್ ಮಾಡಿಟ್ಟಿರ್ತೀರಿ, ಸುಳ್ಳು ಹೇಳಬ್ಯಾಡ್ರಿ. ಗೋಕರ್ಣದ ಕಡೆ ಸಂಜಿ ಹೊತ್ತು, ಸಣ್ಣ ಹಂದರ, ನಾಲ್ಕು ಸಾಲು ಕುರ್ಚಿ, ಬರಿಗಾಲಲ್ಲಿ ಮದುಮಕ್ಕಳು. ನೋಡಿದ್ರ ಮನಸ್ಸು ಹಗುರ ಆಗತೈತಿ. ಆದ್ರ ಅದ್ರಾಗ ನಿಮಗ ಹಿಡಿಸಿದ್ದು ಸಮುದ್ರನೋ, ಆ ನಾಲ್ಕೇ ಸಾಲು ಕುರ್ಚಿನೋ?

ನನ್ನ ಪ್ರಕಾರ ಕುರ್ಚಿ. ಅಲ್ಲಿ ಕೂತ ಪ್ರತಿಯೊಬ್ಬರ ಹೆಸರು ಮದುಮಗಳಿಗೆ ಗೊತ್ತಿರತೈತಿ. ನಮ್ಮ ಕಡೆ ಲಗ್ನದಾಗ ಹುಡುಗ ಹುಡುಗಿ ಸ್ಟೇಜ್ ಮ್ಯಾಲ ತಾಸುಗಟ್ಟಲೆ ನಿಂತು, ಯಾರ ಕಡೆಯವರು ಅಂತ ಗೊತ್ತಿಲ್ಲದವರ ಜೋಡಿ ಫೋಟೋಕ್ಕ ನಗ್ತಾರ. ಅವರಿಬ್ಬರೂ ಉಣ್ಣೋ ಹೊತ್ತಿಗೆ ಬುಂದಿ ಖಾಲಿ.

ಹಂಗಂತ ಎಲ್ಲಾರೂ ಗೋಕರ್ಣಕ್ಕ ನಡೀರಿ ಅಂತ ನಾ ಹೇಳೂದಿಲ್ಲ. ಹಿಪ್ಪರಗಿಯಿಂದ ಕಡಲು ನೋಡಬೇಕಂದ್ರ ಹುಬ್ಬಳ್ಳಿ ದಾಟಿ ಅರಬೈಲು ಘಟ್ಟ ಇಳೀಬೇಕು. ಮೊಣಕಾಲು ನೋವಿನ ಅಜ್ಜಿ ಬರಾಕ ಆಗೂದಿಲ್ಲ. ದಿನಗೂಲಿ ಬಿಟ್ಟು ಚಿಕ್ಕಮ್ಮ ಬರಾಕ ಆಗೂದಿಲ್ಲ. ರೊಕ್ಕ, ರಜಾ ಇದ್ದವರಷ್ಟೇ ಬಂದ್ರ ಅದು ಆಪ್ತ ಮದುವೆ ಹೆಂಗ ಆಗತೈತಿ? ಇನ್ನೊಂದು ಮಾತು: ಚಳಿಗಾಲದಿಂದ ಬ್ಯಾಸಗಿ ಶುರುವಾಗೋ ತನಕ ಹೊನ್ನಾವರದ ಕಡೆ ಮರಳಿನಾಗ ಕಡಲಾಮೆಗಳು ಮೊಟ್ಟೆ ಇಡ್ತಾವ. ನಮ್ಮ ಫೋಕಸ್ ಲೈಟ್ ನೋಡಿ ಮರಿಗಳು ನೀರಿನ ದಾರಿ ತಪ್ತಾವ.

ಈಗ ಬಿಕಾಂ ಲೆಕ್ಕ. ಒಂದು ಊಟಕ್ಕ 150 ರೂಪಾಯಿ ಅಂತ ಹಿಡೀರಿ. 1,500 ಮಂದಿಗೆ 2,25,000. 100 ಮಂದಿಗೆ 15,000. ನಡುವಿನ 2,10,000 ಸಾಲ ತಂದ್ರ, ತಿಂಗಳಿಗೆ ನೂರಕ್ಕ ಎರಡರ ಬಡ್ಡಿಯಂತೆ ವರ್ಷಕ್ಕ ಬಡ್ಡಿನ 50,400. ಅಸಲು ಅಲ್ಲೇ ಇರತೈತಿ. ಕಬ್ಬಿನ ಬಿಲ್ಲು ಬಂದ್ರ ಮೊದಲು ಹೋಗೂದು ಅದಕ್ಕ. ನಮ್ಮ ಮನ್ಯಾಗ ಈಗ ಅಕ್ಕನ ಲಗ್ನದ ಮಾತು ನಡದೈತಿ. ಅಪ್ಪ ರಾತ್ರಿ ಕರೆಯೋರ ಪಟ್ಟಿ ಬರೀತಾನ, ಮುಂಜಾನೆ ಅದಕ್ಕ ಇನ್ನೊಂದು ಹಾಳಿ ಸೇರಿರತೈತಿ. ಅಕ್ಕನ ಬಿಎಡ್ ಫೀ ಮಾತ್ರ ಯಾವ ಹಾಳ್ಯಾಗೂ ಇಲ್ಲ. ಅದಕ್ಕ ಇದನ್ನ ಬರೀಲಿಕ್ಕತ್ತೀನಿ.

"ಊರು ಏನಂತೈತಿ?" ಅಂತೀರಿ. ಈ ಊರಿನ ಮಂದಿನ, ಈ ಸೀಮಿ ಮಂದಿನ, 1989ರಾಗ ಚಿಕ್ಕಪಡಸಲಗಿಯೊಳಗ ತಮ್ಮದೇ ರೊಕ್ಕ, ತಮ್ಮದೇ ಬೆವರು ಹಾಕಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದವರು. ರೊಕ್ಕ ಎಲ್ಲಿ ಹಾಕಿದ್ರ ಬೆಳೀತೈತಿ ಅಂತ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಸರಳ ಮದುವೆ ರೀಲ್ಸ್‌ನಿಂದ ಬಂದದ್ದೂ ಅಲ್ಲ. ಕುವೆಂಪು ಅವರು 'ಮಂತ್ರ ಮಾಂಗಲ್ಯ' ರೂಪಿಸಿ, 1966ರಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನೇ ಹಂಗ ಮಾಡಿದರು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ. ಧರ್ಮಸ್ಥಳದಾಗ 1972ರಿಂದ ಸಾಮೂಹಿಕ ವಿವಾಹ ನಡೀಲಿಕ್ಕತ್ತಾವ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ 30 ದಿನದ ನೋಟಿಸ್, ಮೂರು ಮಂದಿ ಸಾಕ್ಷಿ ಇದ್ರ ಮದುವೆ ಆಗತೈತಿ. ಮೂರೇ ಮಂದಿ!

ಒಂದು ಮಾತು ಒಪ್ಪತೀನಿ. "ಅವರ ಮನಿ ಲಗ್ನದಾಗ ಉಂಡೀವಿ, ಆಯಾರ ತಗೊಂಡೀವಿ, ಕರೀಲಿಲ್ಲಂದ್ರ ಹೆಂಗ?" ಅಂತಾಳ ಅವ್ವ. ಇದು ಬರೇ ಶೋಕಿ ಅಲ್ಲ, ಋಣ. ಆದ್ರ ಋಣ ತೀರಿಸಾಕ ಊಟದ ಹಂದರ ಒಂದೇ ದಾರಿ ಅಲ್ಲ. ಅವರ ಕಷ್ಟಕ್ಕ ಹೋಗಿ ನಿಲ್ಲೂದೂ ಮುಯ್ಯಿನ. ಬೇಕಾದ್ರ ಮರುದಿನ ಓಣಿಗಷ್ಟು ಗೋಧಿ ಹುಗ್ಗಿ ಮಾಡ್ರಿ.

ಹಂಗಾದ್ರ ಲಗ್ನ ಎಲ್ಲಿ? ಇಲ್ಲೇ, ಕೃಷ್ಣಾ ದಂಡಿ ಹತ್ತಿರ ಯಾರದಾದ್ರೂ ಹೊಲದಾಗ. ಸುರಗಿ ಮನ್ಯಾಗ ಸುತ್ತಲಿ, ಅಕ್ಕಿಕಾಳು ಸಂಜಿ ತಂಪಿನಾಗ ಬೀಳಲಿ. ಡಿಜೆ ಬ್ಯಾಡ, ಸೋಬಾನ ಪದ ಹಾಡೋ ಅಜ್ಜಿ ಮುಂದಿನ ಸಾಲಿನಾಗ ಕೂಡ್ರಲಿ. ಜೋಳದ ರೊಟ್ಟಿ, ಎಣ್ಣಗಾಯಿ, ಶೇಂಗಾ ಹೋಳಿಗಿ. ಪ್ಲಾಸ್ಟಿಕ್ ತಾಟು ಹೊಳಿಗೆ ಹೋಗಬಾರದು, ಅಷ್ಟ.

ಈಗ ನೀವೊಂದು ಕೆಲಸ ಮಾಡ್ರಿ. ನಿಮ್ಮ ಲಗ್ನಕ್ಕ ಬರಲೇಬೇಕಾದವರ ಹೆಸರು ಬರೀರಿ. ಎಷ್ಟನೇ ಹೆಸರಿಗೆ ಪೆನ್ನು ನಿಂತಿತು, ಕಾಮೆಂಟ್‌ನ್ಯಾಗ ಆ ನಂಬರ್ ಅಷ್ಟೇ ಹಾಕ್ರಿ. ಅಪ್ಪಗ ತೋರಸಾಕ ಬೇಕಾಗೈತಿ.

#ಹಿಪ್ಪರಗಿ #ಸರಳಮದುವೆ #ಕೃಷ್ಣಾದಂಡಿ