ತೊಟ್ಟಿಲ ಪಕ್ಕದ ದಲಾಲಿ

ಹೋದ ವಾರ ನಮ್ಮ ಕಚೇರಿಯ ಒಂದೇ ಬೆಂಚಿನ ಮೇಲೆ ಇಬ್ಬರು ಬಂದು ಕುಳಿತರು. ಒಬ್ಬರು ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಇನ್ನೊಬ್ಬಾಕೆ ಗಿರಣಿ ಚಾಳಿನ ಹೆಣ್ಣುಮಗಳು. ಒಬ್ಬರು ಆಯಾ ಇಟ್ಟುಕೊಂಡು ಕೆಟ್ಟವರು, ಇನ್ನೊಬ್ಬಳು ಆಯಾ ಆಗಿ ಹೋಗಿ ಕೆಟ್ಟವಳು. ಒಬ್ಬರ ಮುಖ ಒಬ್ಬರು ನೋಡದೆ, ತಂತಮ್ಮ ಸರದಿಗಾಗಿ ಕಾಯುತ್ತಿದ್ದರು. ಇಬ್ಬರ ಕೈಯಲ್ಲೂ ಒಂದೊಂದು ಏಜೆನ್ಸಿಯ ಚೀಟಿ ಇತ್ತು.

ಅಂಗಡಿಕಾರರ ಕಥೆ ಹೀಗಿದೆ. ಅವರ ಹೆಂಡತಿ ಶಾಲೆಯಲ್ಲಿ ಕೆಲಸಕ್ಕಿದ್ದಾರೆ. 2017ರ ಕಾನೂನು ತಿದ್ದುಪಡಿಯಿಂದ ದೊರೆತ 26 ವಾರಗಳ ಹೆರಿಗೆ ರಜೆ ಮುಗಿಯಿತು. ಮುದಿ ತಾಯಿಗೆ ಕೂಸನ್ನು ಎತ್ತಿಕೊಳ್ಳುವ ಶಕ್ತಿಯಿಲ್ಲ. ಬೆಂಗಳೂರಿನ ಒಂದು ಏಜೆನ್ಸಿಗೆ ಫೋನು ಮಾಡಿ, ಒಂದು ತಿಂಗಳ ಸಂಬಳದಷ್ಟು ಹಣ ಮೊದಲೇ ಕಟ್ಟಿದರು. ಬೇರೆ ಜಿಲ್ಲೆಯಿಂದ ಒಬ್ಬ ಹೆಂಗಸು ಬಂದಳು. ಕೂಸು ಆಕೆಗೆ ಹೊಂದಿಕೊಂಡಿತು. ಇಪ್ಪತ್ತನಾಲ್ಕನೆಯ ದಿನ ರಾತ್ರಿ ಆಕೆಗೆ ಏಜೆನ್ಸಿಯಿಂದ ಫೋನು ಬಂತು. ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊರಟಳು. ಚೀಟಿಯಲ್ಲಿ ಮೂರು ತಿಂಗಳ 'ಗ್ಯಾರಂಟಿ' ಬರೆದಿತ್ತು. ಬದಲಿಗೆ ಬಂದವಳನ್ನು ನೋಡಿದರೆ ಇನ್ನೂ ಶಾಲೆಯಲ್ಲಿರಬೇಕಾದ ಹುಡುಗಿ! ಅವಳನ್ನು ಒಳಗೆ ಕರೆಯದೆ ಬಸ್ಸಿನ ಚಾರ್ಜು ಕೊಟ್ಟು ಕಳಿಸಿದರಂತೆ. ಒಳಗೆ ಕರೆಯದ್ದು ಸರಿ. ಒಂಟಿಯಾಗಿ ಬಸ್ಸು ಹತ್ತಿಸಿದ್ದು ಸರಿಯಲ್ಲವೆಂದು ಅವರಿಗೆ ಮುಖಕ್ಕೇ ಹೇಳಿದ್ದೇವೆ. ಮೂರನೆಯವಳನ್ನು ಕೇಳುವ ಹೊತ್ತಿಗೆ ಗ್ಯಾರಂಟಿಯ ದಿನ ಮುಗಿದಿದೆ, ಹೊಸದಾಗಿ ಹಣ ಕಟ್ಟಿರಿ ಎಂಬ ಉತ್ತರ ಬಂತು. "ಮಾಸ್ತರ, ರೊಕ್ಕಾನೂ ಹೋತು, ಮಂದೀನೂ ಹೋದ್ರು. ಪಂಪಸೆಟ್ ತಂದಿದ್ರ ಅಂಗಡ್ಯಾಂವನ ಕೊಳ್ಳಪಟ್ಟಿ ಹಿಡೀತಿದ್ದೆ" ಎಂದರು.

ಹೆಣ್ಣುಮಗಳ ಕಥೆ ಇನ್ನೂ ಚಿಕ್ಕದು. ಗಂಡ ಗಿರಣಿಯಲ್ಲಿ ಬದಲಿ ಕಾರ್ಮಿಕ. ಬದಲಿಗೆ ಕೆಲಸ ಸಿಗದ ತಿಂಗಳುಗಳಲ್ಲಿ ಮನೆ ಹೇಗೆ ನಡೆಯುತ್ತದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾದ್ದಿಲ್ಲ. ಪರಿಚಯದ ಒಬ್ಬಾಕೆಯ ಮೂಲಕ ಏಜೆನ್ಸಿಗೆ ಹೆಸರು ಕೊಟ್ಟು ಬೆಂಗಳೂರಿನ ಒಂದು ಫ್ಲಾಟಿಗೆ ಹೋದಳು. ಅವಳಿಜವಳಿ ಮಕ್ಕಳು. ತೊಟ್ಟಿಲುಗಳ ನಡುವೆ ಚಾಪೆ. ಒಂದು ಎದ್ದರೆ ಇನ್ನೊಂದು ಏಳುತ್ತಿತ್ತು. ಎರಡೂ ಮಲಗಿದಾಗ ಪಾತ್ರೆ ಕಾಯುತ್ತಿತ್ತು. ಮೊದಲ ತಿಂಗಳ ಸಂಬಳವನ್ನು ಏಜೆನ್ಸಿ ತನ್ನ ಕಮಿಷನ್ನಿಗೆಂದು ಮುರಿದುಕೊಂಡಿತು. ಆಧಾರ್ ಕಾರ್ಡನ್ನು 'ಪೊಲೀಸ್ ತಪಾಸಣೆಗೆ' ಎಂದು ಇಸಿದುಕೊಂಡಿತು. ಅತ್ತೆಗೆ ಕಾಯಿಲೆಯೆಂದು ಊರಿಗೆ ಬಂದು ಎರಡು ತಿಂಗಳ ಬಾಕಿ ಕೇಳಿದರೆ, ಏಜೆನ್ಸಿಗೆ ಕೊಟ್ಟಾಗಿದೆ ಎಂದು ಮನೆಯವರು, ಮನೆಯವರು ಕೊಟ್ಟಿಲ್ಲ ಎಂದು ಏಜೆನ್ಸಿ. "ಅವರ ಕಡೆ ಕೇಳಿದ್ರ ಇವರ ಕಡೆ ಬೊಟ್ಟು ಮಾಡ್ತಾರ್ರಿ, ಇವರ ಕಡೆ ಕೇಳಿದ್ರ ಅವರ ಕಡೆ. ನಾ ಯಾರ ಆಳು ಅನ್ನೂದ ನನಗ ಗೊತ್ತಿಲ್ಲರಿ."

ಆಕೆಯ ಆ ಕೊನೆಯ ಮಾತೇ ಈ ವಾರ ನಮ್ಮನ್ನು ಬರೆಯಲು ಕೂರಿಸಿದ್ದು. ದುಡಿದವಳಿಗೆ ತನ್ನ ಧಣಿ ಯಾರೆಂದು ತಿಳಿಯದಂತೆ ಮಾಡುವುದೇ ಈ ವ್ಯಾಪಾರದ ಗುಟ್ಟು. ಮನೆಯವರ ಮುಂದೆ ಏಜೆನ್ಸಿಯವರು ತಾವೇ ಧಣಿ ಎಂಬಂತೆ ನಿಂತು ಹಣ ಎಣಿಸಿಕೊಳ್ಳುತ್ತಾರೆ. ಸಂಬಳದ ಪ್ರಶ್ನೆ ಬಂದಾಗ ತಾವು ಬರಿಯ ಪರಿಚಯ ಮಾಡಿಸಿದವರು ಎನ್ನುತ್ತಾರೆ. ಇನ್ನು ಆ ಇಪ್ಪತ್ತನಾಲ್ಕನೆಯ ದಿನದ ಫೋನು! ಆಯಾ ಒಂದೇ ಮನೆಯಲ್ಲಿ ಐದು ವರ್ಷ ನಿಂತರೆ ಏಜೆನ್ಸಿಗೆ ಸಿಗುವುದು ಒಂದು ಸಲದ ಫೀಜು. ಆಕೆ ಮನೆಯಿಂದ ಮನೆಗೆ ತಿರುಗಿದಷ್ಟೂ ಫೀಜು ಹೆಚ್ಚು. ಹೀಗಾಗಿ ಕೂಸು ಮುಖ ಗುರುತು ಹಿಡಿಯುವುದೂ ಆಯಾಳಿಗೆ ಮನೆ ಒಗ್ಗುವುದೂ ಈ ಲೆಕ್ಕಕ್ಕೆ ನಷ್ಟದ ಬಾಬು. ಎಲ್ಲ ಏಜೆನ್ಸಿಗಳೂ ಹೀಗೆ ಮಾಡುತ್ತವೆಂದು ನಾವು ಹೇಳುವುದಿಲ್ಲ. ಹೀಗೆ ಮಾಡಿದರೆ ಲಾಭವಿದೆ, ತಡೆಯುವವರಿಲ್ಲ ಎಂದಷ್ಟೇ ಹೇಳುತ್ತೇವೆ.

ಗಿರಣಿಯ ಹಿರಿಯರು ಇದನ್ನು ಬೇರೆ ವೇಷದಲ್ಲಿ ಕಂಡವರೇ. ಒಂದು ಕಾಲಕ್ಕೆ ಗಿರಣಿಗೆ ಆಳು ಸೇರಿಸುವ ಹಕ್ಕು ಜಾಬರನ ಕೈಯಲ್ಲಿತ್ತು. ಸೇರಿಸಲು ಲಂಚ, ಉಳಿಸಿಕೊಳ್ಳಲು ಕಾಣಿಕೆ. ಹಳಬನನ್ನು ತೆಗೆಸಿ ಹೊಸಬನನ್ನು ಸೇರಿಸಿದರೆ ಮತ್ತೆ ಹೊಸ ಲಂಚ. ಬ್ರಿಟಿಷ್ ಸರಕಾರ ನೇಮಿಸಿದ ಕಾರ್ಮಿಕ ಆಯೋಗವೇ 1931ರ ವರದಿಯಲ್ಲಿ ಜಾಬರನ ಕೈಯಿಂದ ನೇಮಕಾತಿ ತಪ್ಪಬೇಕೆಂದು ಹೇಳಿತ್ತು. ಅದು ತಪ್ಪಿದ್ದು ಆಯೋಗದ ಕೃಪೆಯಿಂದಲ್ಲ, ಸಂಘ ಕಟ್ಟಿ ಹೋರಾಡಿದವರಿಂದ. ಗಿರಣಿಯ ಬಾಗಿಲಿನಿಂದ ಎದ್ದ ಜಾಬರ್ ಈಗ ತೊಟ್ಟಿಲ ಪಕ್ಕಕ್ಕೆ ಬಂದು ಕುಳಿತಿದ್ದಾನೆ.

ಪೇಟೆಯ ಸ್ನೇಹಿತರಿಗೂ ಒಂದು ಹೋಲಿಕೆ ಕೊಡೋಣ. ನಮ್ಮ ರಾಜ್ಯದ ಕೃಷಿ ಮಾರುಕಟ್ಟೆ ಕಾನೂನಿನಂತೆ ದಲಾಲಿ ಕೊಡಬೇಕಾದವನು ಖರೀದಿದಾರ. ಮಾಲು ತಂದ ರೈತನ ಪಟ್ಟಿಯಲ್ಲಿ ಅದನ್ನು ಮುರಿಯುವಂತಿಲ್ಲ. ಈ ನಿಯಮ ಎಲ್ಲ ಅಡತಿಗಳಲ್ಲೂ ಚಾಚೂ ತಪ್ಪದೆ ನಡೆಯುತ್ತದೆಂದರೆ ರೈತರು ನಕ್ಕಾರು. ಆದರೂ ನಿಯಮವಿದೆ, ಮುರಿದರೆ ಜಗಳ ತೆಗೆಯಲು ಒಂದು ಜಾಗವಿದೆ. ಮೆಣಸಿನಕಾಯಿ ಚೀಲಕ್ಕಿರುವ ಈ ರಕ್ಷಣೆ ಕೂಸು ಸಾಕುವ ಹೆಣ್ಣಿಗೆ ಏಕಿಲ್ಲ?

ಇರಬೇಕೆಂದು ಜಗತ್ತು ಒಪ್ಪಿಯಾಗಿದೆ. 2011ರ ಜೂನಿನಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರಿಗಾಗಿ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಏಜೆನ್ಸಿಯ ಫೀಜನ್ನು ಕೆಲಸದವರ ಸಂಬಳದಿಂದ ಮುರಿಯಬಾರದು, ಅವರ ಗುರುತಿನ ಕಾಗದಗಳು ಅವರ ಬಳಿಯೇ ಇರಬೇಕು, ವಾರಕ್ಕೆ ಒಟ್ಟಿಗೆ 24 ಗಂಟೆ ಬಿಡುವು ಸಿಗಬೇಕು ಎಂದು ಅದರಲ್ಲಿದೆ. ನಮ್ಮ ಚಾಳಿನ ಹೆಣ್ಣುಮಗಳ ಮೂರು ದೂರುಗಳಿಗೂ ಅದರಲ್ಲಿ ಉತ್ತರವಿದೆ! ಭಾರತ ಸರಕಾರ ಅಲ್ಲಿ ಪರವಾಗಿ ಕೈ ಎತ್ತಿತು. ಊರಿಗೆ ಬಂದು ಸ್ಥಿರೀಕರಿಸಲಿಲ್ಲ.

ನಮ್ಮ ಶಾಸನಸಭೆಗಳ ಕಥೆ ಇದಕ್ಕಿಂತ ಹಳೆಯದು. ಮನೆಗೆಲಸದವರ ಸ್ಥಿತಿಗತಿಯ ಬಗ್ಗೆ ಪಾರ್ಲಿಮೆಂಟಿನ ಮುಂದೆ ಮಸೂದೆ ಬಂದದ್ದು 1959ರಲ್ಲಿ. ಅಂದು ತೊಟ್ಟಿಲಲ್ಲಿದ್ದ ಕೂಸು ಇಂದು ಅಜ್ಜನಾಗಿದ್ದಾನೆ. 1989, 2004, 2008, 2016 ಹೀಗೆ ಮಸೂದೆಗಳು ಬಂದವು, ಒಂದೂ ಕಾನೂನಾಗಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಈ ಸರಣಿಯನ್ನು ಎತ್ತಿ ಹೇಳಿ, ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಆ ಮೊಕದ್ದಮೆಯಲ್ಲಿಯೂ ಛತ್ತೀಸಗಡದ ಒಬ್ಬ ಹೆಂಗಸನ್ನು ಏಜೆನ್ಸಿಯೊಂದರ ಮೂಲಕ ದೂರದ ಊರಿಗೆ ಕೆಲಸಕ್ಕೆ ಹಚ್ಚಿದ್ದ ಸಂಗತಿಯಿತ್ತು. ಇತ್ತ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 'ಕೈಗಾರಿಕೆ' ಎಂಬ ಪದಕ್ಕೆ ಅರ್ಥ ಬರೆಯುವಾಗ ಮನೆಗೆಲಸವನ್ನು ಹೆಸರು ಹಿಡಿದು ಹೊರಗಿಟ್ಟಿತು. ಅಂದರೆ ಗಿರಣಿಯ ಗಂಡನಿಗೆ ಇರುವ ವ್ಯಾಜ್ಯದ ಹಾದಿ ಆಯಾ ಹೆಂಡತಿಗೆ ಇಲ್ಲ.

ಏಜೆನ್ಸಿಗಳ ಮಟ್ಟಿಗೆ ದಿಲ್ಲಿಯ ಅನುಭವ ನೋಡಬೇಕು. ಝಾರಖಂಡ, ಛತ್ತೀಸಗಡ, ಬಂಗಾಳಗಳ ಆದಿವಾಸಿ ಹುಡುಗಿಯರನ್ನು ಕರೆತಂದು ಮನೆಗಳಿಗೆ ಹಂಚುವ ದಂಧೆ ಅಲ್ಲಿ ಬೆಳೆದು, ಕಾಣೆಯಾದ ಮಕ್ಕಳ ಪ್ರಶ್ನೆಯಾಗಿ ಹೈಕೋರ್ಟಿಗೆ ಹೋಯಿತು. 2010ರ ಡಿಸೆಂಬರಿನಲ್ಲಿ ಕೋರ್ಟು ಏಜೆನ್ಸಿಗಳ ನೋಂದಣಿಗೆ ಆದೇಶಿಸಿತು. ದಿಲ್ಲಿ ಸರಕಾರದ ನಿಯಂತ್ರಣ ಆಜ್ಞೆ ಹೊರಟದ್ದು 2014ರಲ್ಲಿ. ಹುಡುಗಿಯರು ಹೊರಡುವ ಕಡೆಯ ಛತ್ತೀಸಗಡ 2013ರಲ್ಲಿ, ಝಾರಖಂಡ 2016ರಲ್ಲಿ ಏಜೆನ್ಸಿಗಳ ಮೇಲೆ ಕಾನೂನನ್ನೇ ಮಾಡಿದವು. ಬಡ ರಾಜ್ಯಗಳಿಗೆ ತಮ್ಮ ಮಕ್ಕಳ ಚಿಂತೆ ಹತ್ತಿದಷ್ಟು ಬೇಗ ರಾಜಧಾನಿಗೆ ಹತ್ತಲಿಲ್ಲವೆನ್ನೋಣ.

ಕರ್ನಾಟಕದ ಹೆಮ್ಮೆಯನ್ನೂ ಹೇಳಬೇಕು. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿ 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು; ಬೆಂಗಳೂರಿನ ಮನೆಗೆಲಸದ ಹೆಂಗಸರು ಸಂಘ ಕಟ್ಟಿ ವರ್ಷಗಟ್ಟಲೆ ಗದ್ದಲ ಮಾಡಿದ್ದರ ಫಲ ಅದು. ಆದರೆ ಅಧಿಸೂಚನೆ ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ. 2025ರಲ್ಲಿ ರಾಜ್ಯ ಸರಕಾರ ಮನೆಗೆಲಸದವರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆಂದು ಕರಡು ಮಸೂದೆ ಪ್ರಕಟಿಸಿತು. ಕೆಲಸದವರ ನೋಂದಣಿ, ಒಂದು ಮಂಡಳಿ, ಸಂಬಳದ ಮೇಲೆ ಶೇಕಡಾ 5ರವರೆಗೆ ಕಲ್ಯಾಣ ಶುಲ್ಕ ಎಂಬ ಮಾತುಗಳು ಅದರಲ್ಲಿದ್ದವು. ಶುಲ್ಕದ ಸುದ್ದಿ ಬರುತ್ತಲೇ ಪೇಟೆಯಲ್ಲಿ ಗೊಣಗಾಟ ಕೇಳಿಬಂತು. ಏಜೆನ್ಸಿಗೆ ಒಂದು ತಿಂಗಳ ಸಂಬಳ ತೆತ್ತು ರಸೀದಿಯನ್ನೂ ಕೇಳದವರು ನೂರಕ್ಕೆ ಐದು ಎಂದೊಡನೆ ಬೆಚ್ಚುವುದು ನಮಗೆ ಸೋಜಿಗವೆನಿಸಿತು.

ಅದೇ 2025ರಲ್ಲಿ ಮುಂಬಯಿಯಲ್ಲಿ ಒಂದು ಕಂಪನಿ 15 ನಿಮಿಷದಲ್ಲಿ ಮನೆಗೆಲಸದವಳು ಹಾಜರು ಎಂದು ಜಾಹೀರಾತು ಹಾಕಿತು. ಟೀಕೆ ಬಂದಮೇಲೆ ಸೇವೆಯ ಹೆಸರು ಬದಲಾಯಿತು.

ಹಾಗಾದರೆ ಏಜೆನ್ಸಿಗಳೇ ಬೇಡವೇ? ಅಷ್ಟು ಸುಲಭವಾಗಿ ಹೇಳಲಾರೆವು. ಕೂಸನ್ನು ಒಪ್ಪಿಸುವ ತಾಯಿಗೆ ಬಂದವಳು ಯಾರೆಂದು ತಿಳಿಯಬೇಕು. ಕಾಣದ ಊರಿಗೆ ಹೋಗುವ ಹೆಣ್ಣಿಗೆ ಹೋಗುವ ಮನೆ ಎಂಥದೆಂದು ತಿಳಿಯಬೇಕು. ನಡುವೆ ಒಬ್ಬರು ಇರಬೇಕಾದೀತು. ಆದರೆ ಆ ನಡುವಿನವನು ಪರವಾನಗಿ ಪಡೆದಿರಲಿ, ಫೀಜನ್ನು ಇಟ್ಟುಕೊಳ್ಳುವ ಮನೆಯಿಂದ ಮಾತ್ರ ಪಡೆಯಲಿ, ಸಂಬಳವನ್ನು ಕೈಯಿಂದ ಮುಟ್ಟದಿರಲಿ. ಸಂಬಳ ನೇರ ಆಕೆಯ ಬ್ಯಾಂಕ್ ಖಾತೆಗೆ ಹೋಗಲಿ. ಗಂಡನ ಖಾತೆಗೂ ಬೇಡ. ಕಾರ್ಡಿನ ನಕಲು ಇಟ್ಟುಕೊಳ್ಳಿ, ಮೂಲ ಪ್ರತಿ ಆಕೆಯ ಗಂಟಿನಲ್ಲಿರಲಿ. ಯಾವ ಕೆಲಸ, ಎಷ್ಟು ಗಂಟೆ, ರಾತ್ರಿ ಏಳಬೇಕಾದರೆ ಹಗಲು ಯಾವಾಗ ನಿದ್ದೆ, ಊರಿಗೆ ಹೋಗುವುದು ಎಂದು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನೆಲ್ಲ ಮನೆಯವರೂ ಆಯಾಳೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ರುಜು ಹಾಕಿದರೆ, ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಕೂಸು ನೋಡಿಕೊಳ್ಳಲು ಬಂದವಳಿಗೆ ಎರಡನೆಯ ತಿಂಗಳು ಹಿತ್ತಿಲ ಪಾತ್ರೆ, ಮೂರನೆಯ ತಿಂಗಳು ಮಾವನ ಪಥ್ಯದ ಅಡಿಗೆ ಸೇರುವುದು ಹಾಳೆ ಇಲ್ಲದ್ದರಿಂದಲೇ.

ವಯಸ್ಸಿನ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರಿನಿಂದಲೇ ಅಪರಾಧ. ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಹಾಜರಿ ಪುಸ್ತಕದಲ್ಲಿ ಗೆರೆ ಎಳೆಸಿಕೊಂಡ ಹುಡುಗಿಯರಲ್ಲಿ ಹಲವರು ಕೂಸು ಎತ್ತಲು ಹೋದವರೇ ಆಗಿದ್ದರು. ತಮ್ಮ ಮನೆಯ ಕೂಸು ಮೊದಲು, ಆಮೇಲೆ ಊರವರ ಕೂಸು.

ಇನ್ನು ಅಂಗಡಿಕಾರ ಬಂಧುಗಳಿಗೆ ಒಂದು ಕಹಿ ಮಾತು. ನೀವು ಕೆಟ್ಟವರಲ್ಲ, ನಿಮ್ಮ ಹೆಂಡತಿ ಕೆಲಸ ಬಿಡಬೇಕೆಂದೂ ನಾವು ಹೇಳುವುದಿಲ್ಲ, ಬಿಡಬಾರದು. ಆದರೆ ಆಯಾ ಬಂದ ದಿನದಿಂದ ನೀವು ಧಣಿಗಳು. 'ಮನೆಯವಳ ಹಾಗೆ ನೋಡಿಕೊಳ್ಳುತ್ತೇವೆ' ಎಂಬ ಮಾತು ರಜೆ ಕೊಡದಿರಲು ನೆಪವಾಗಬಾರದು. 1961ರ ಅಂಗಡಿ ಕಾನೂನು ಬಂದ ಕಾಲದಿಂದ ನಿಮ್ಮ ಗಲ್ಲೆಯ ಹುಡುಗನಿಗೆ ವಾರದ ರಜೆ ಇದೆ. ಗಲ್ಲೆಯ ಹಿಂದಿನ ಬಾಗಿಲು ದಾಟಿ ಮನೆಯೊಳಗೆ ಬಂದರೆ ಆ ರಜೆ ಏಕೆ ಮಾಯವಾಗಬೇಕು? ತೊಟ್ಟಿಲ ಮೇಲೆ ಕ್ಯಾಮೆರಾ ತೂಗಿಸಲು ಹಣ ಹುಟ್ಟುತ್ತದೆ, ಆಕೆ ಊಟಕ್ಕೆ ಕುಳಿತಾಗ ಅರ್ಧ ಗಂಟೆ ಕೂಸನ್ನು ಎತ್ತಿಕೊಳ್ಳಲು ಗಂಡಸರಿಗೆ ಕೈ ಹುಟ್ಟುವುದಿಲ್ಲ.

ಗಿರಣಿಯವರೂ ಕೇಳಲಿ. ನಮ್ಮ ಸಭೆಗಳಲ್ಲಿ ಬೋನಸ್ಸಿನ ಲೆಕ್ಕ ಪೈಸೆ ಪೈಸೆಗೆ ಆಗುತ್ತದೆ. ಅದೇ ಸಭೆಯಲ್ಲಿ ಕುಳಿತವರ ಹೆಂಡತಿ, ಅಕ್ಕ, ನಾದಿನಿ ಯಾವ ಮನೆಯಲ್ಲಿ ಎಷ್ಟಕ್ಕೆ ದುಡಿಯುತ್ತಾರೆಂದು ಯಾರೂ ಕೇಳಿಲ್ಲ. ನಾವೂ ಕೇಳಿರಲಿಲ್ಲ.

ಮತ್ತೂ ಒಂದು ಪ್ರಶ್ನೆ ಉಳಿಯುತ್ತದೆ. ಆಯಾ ಆಗಿ ಹೋದವಳ ಸ್ವಂತ ಕೂಸನ್ನು ಯಾರು ನೋಡಿಕೊಂಡರು? ಈಕೆಯ ನಾಲ್ಕು ವರ್ಷದ ಮಗ ಆ ಕಾಯಿಲೆಯ ಅತ್ತೆಯ ಬಳಿ ಇದ್ದ. 50 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 2017ರ ತಿದ್ದುಪಡಿ ಹೇಳಿತು. 49 ಜನರಿದ್ದಲ್ಲಿ ಕೂಸು ಅಳುವುದಿಲ್ಲವೋ ಏನೋ. 2023ರಲ್ಲಿ ರಾಜ್ಯ ಸರಕಾರ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಆರಂಭಿಸಿತು. ಒಳ್ಳೆಯ ಯೋಜನೆ. ಪೇಟೆಯ ಪ್ರತಿ ವಾರ್ಡಿನಲ್ಲೂ ಅಂಥದೊಂದು ಮನೆ ಇದ್ದರೆ ಅಂಗಡಿಕಾರರ ಕೂಸೂ ಬದಲಿ ಕಾರ್ಮಿಕನ ಕೂಸೂ ಒಂದೇ ಚಾಪೆಯ ಮೇಲೆ ಆಡುತ್ತಿದ್ದವು. ಏಜೆನ್ಸಿಯ ಅರ್ಧ ವ್ಯಾಪಾರ ಅಲ್ಲಿಗೇ ಮುಗಿಯುತ್ತಿತ್ತು. ನಗರಸಭೆಯ ಮುಂದೆ ಈ ಬೇಡಿಕೆ ಇಡಲಿದ್ದೇವೆ.

ಹೆಣ್ಣುಮಗಳ ಬಾಕಿಯ ಬಗ್ಗೆ ಕಾರ್ಮಿಕ ಅಧಿಕಾರಿಗಳಿಗೆ ಅರ್ಜಿ ಬರೆದುಕೊಟ್ಟಿದ್ದೇವೆ. ಏಜೆನ್ಸಿಗೆ ಫೋನು ಮಾಡಿದಾಗ 'ನೀವು ಯಾರು?' ಎಂದರು. ಹೇಳಿದೆವು. ನಾಲ್ಕನೆಯ ದಿನ ಆಧಾರ್ ಕಾರ್ಡು ಕೊರಿಯರಿನಲ್ಲಿ ಬಂತು, ಸಂಬಳ ಬರಲಿಲ್ಲ. ಕರಾರು ಹಾಳೆಯ ಒಂದು ನಮೂನೆ ಸಿದ್ಧಮಾಡಿದ್ದೇವೆ. ಆಯಾ ಇಟ್ಟುಕೊಳ್ಳುವವರೂ ಆಯಾ ಆಗಿ ಹೋಗುವವರೂ ಭಾನುವಾರ ಸಂಜೆ ಕಚೇರಿಗೆ ಬಂದರೆ ಬಿಟ್ಟಿಯಾಗಿ ಸಿಗುತ್ತದೆ.

ಅಂದು ಬೆಂಚಿನಿಂದ ಏಳುವಾಗ ಅಂಗಡಿಕಾರರು ಆಕೆಯತ್ತ ತಿರುಗಿ, "ನಮ್ಮನಿಗೆ ಬರ್ತೀಯೇನವಾ?" ಎಂದು ಕೇಳಿದರು. "ವಾರಕ್ಕೊಂದಿನ ಸೂಟಿ ಕೊಡ್ತೀರೇನ್ರಿ?" ಎಂದು ಆಕೆ ಕೇಳಿದಳು. ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆಂದು ಹೋದವರು ಪತ್ರಿಕೆ ಅಚ್ಚಿಗೆ ಹೋಗುವವರೆಗೂ ಬಂದಿಲ್ಲ.